ಬೆನ್ನಿನ ನೀರುಚೀಲಕ್ಕೆ ಬೂಷ್ಟು ಹಿಡಿಯದಂತೆ

ಸಂಘದ ಕಳೆದ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು ನಿಂತು, ಕೊನೆ ಕೊಯ್ಯುವವರಿಗೂ ಔಷಧಿ ಹೊಡೆಯುವವರಿಗೂ ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಚೀಲಗಳನ್ನು ಸಂಘದ ಮೂಲಕವೇ ಒಟ್ಟಾಗಿ ತರಿಸಿಕೊಡಬಾರದೇಕೆ ಎಂದು ಕೇಳಿದರು. ನಾನು ಕಾರ್ಯದರ್ಶಿಗಳು ಸಾಮಾನ್ಯವಾಗಿ ಹೇಳುವಂತೆ "ಪರಿಶೀಲಿಸೋಣ" ಎಂದು ಹೇಳಿ ಕುಳಿತೆ. ಸಲಹೆ ಒಳ್ಳೆಯದೇ. ಆದರೆ ಆ ಚೀಲದ ವಿಷಯದಲ್ಲಿ ನನ್ನ ಕೈಯಿಂದಲೇ ಒಂದು ತಪ್ಪು ನಡೆದಿದೆ. ಅಷ್ಟು ಜನರ ಎದುರಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಚೀಲ ತರಿಸುವ ಮೊದಲು ಸದಸ್ಯ ಬಾಂಧವರಿಗೆ ಅದು ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಈ ಚೀಲವನ್ನು ನೋಡದವರಿಗಾಗಿ ಎರಡು ಮಾತು. ಪೇಟೆಯಲ್ಲಿ ಇದಕ್ಕೆ ಹೈಡ್ರೇಶನ್ ಪ್ಯಾಕ್ ಎನ್ನುತ್ತಾರೆ. ಬೆನ್ನಿಗೆ ಹಾಕುವ ಸಣ್ಣ ಬಟ್ಟೆಯ ಚೀಲ, ಅದರೊಳಗೆ ಒಂದೂವರೆ, ಎರಡು ಅಥವಾ ಮೂರು ಲೀಟರು ನೀರು ಹಿಡಿಯುವ ಮೆತ್ತನೆಯ ಪ್ಲಾಸ್ಟಿಕ್ಕಿನ ಇನ್ನೊಂದು ಚೀಲ. ಅದರ ಬುಡದಿಂದ ಹೊರಟ ನಳಿಕೆ ಹೆಗಲ ಮೇಲಿಂದ ಬಾಯಿಯ ಹತ್ತಿರ ಬರುತ್ತದೆ. ನಳಿಕೆಯ ತುದಿಯಲ್ಲಿ ರಬ್ಬರಿನಂಥ ಒಂದು ಮೂತಿ. ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿ ಹೀರಿದರೆ ನೀರು ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕೈ ಬೇಕಾಗಿಲ್ಲ. ಇದು ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. 1989ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ವಿಚಿಟಾ ಫಾಲ್ಸ್ ಎಂಬ ಊರಿನಲ್ಲಿ ಬಿರುಬೇಸಗೆಯಲ್ಲಿ ನಡೆಯುವ ನೂರು ಮೈಲಿಯ ಸೈಕಲ್ ಸವಾರಿಗೆ ಹೊರಟಿದ್ದ ಮೈಕಲ್ ಐಡ್ಸನ್ ಎಂಬಾತ ವೃತ್ತಿಯಲ್ಲಿ ಆಂಬುಲೆನ್ಸಿನ ತುರ್ತು ಚಿಕಿತ್ಸೆಯವನು. ರೋಗಿಗಳಿಗೆ ಗ್ಲೂಕೋಸ್ ಏರಿಸುವ ಚೀಲಕ್ಕೆ ನೀರು ತುಂಬಿ, ಅದನ್ನು ಉದ್ದನೆಯ ಕಾಲುಚೀಲದೊಳಗೆ ತುರುಕಿ, ಅಂಗಿಯ ಬೆನ್ನಿಗೆ ಸಿಕ್ಕಿಸಿಕೊಂಡ. ನಳಿಕೆಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬಿಗಿದುಕೊಂಡ. ಒಂಟೆಯ ಬೆನ್ನಿನ ಹೆಸರಿಟ್ಟು ಅದನ್ನೇ ಆಮೇಲೆ ವ್ಯಾಪಾರ ಮಾಡಿದ.

ನಮ್ಮ ಹಿರಿಯರಿಗೆ ಸೋರೆ ಬುರುಡೆಯಿತ್ತು. ನನ್ನಜ್ಜ ಕಾಡುತೋಟಕ್ಕೆ ಹೊರಟರೆ ಹೆಗಲಲ್ಲಿ ಬುರುಡೆ ನೇತಾಡುತ್ತಿತ್ತು. ಸಂಜೆ ಮನೆಗೆ ಬಂದೊಡನೆ ಅದನ್ನು ತೊಳೆದು, ಬಾಯಿ ಕೆಳಗೆ ಮಾಡಿ ಗೂಟಕ್ಕೆ ತೂಗುಹಾಕುತ್ತಿದ್ದರು. ಬಾಯಿ ಕೆಳಗೇಕೆ ಎಂದು ನಾನು ಕೇಳಿದ್ದಿಲ್ಲ. ಕೇಳಿದ್ದರೆ ಮುಂದೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲವೇನೋ.

2022ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗ ಸ್ನೇಹಿತರೊಂದಿಗೆ ಕುದುರೆಮುಖ ಹತ್ತಲು ಬಂದಿದ್ದ. ಹಿಂದಿರುಗುವಾಗ ತನ್ನ ನೀರುಚೀಲವನ್ನು ಜಗಲಿಯ ಮೇಲಿಟ್ಟು, "ಚಿಕ್ಕಪ್ಪ, ನಿಮಗೆ ತೋಟಕ್ಕೆ ಆಗುತ್ತೆ, ಇಟ್ಕೊಳ್ಳಿ, ನಾನು ಬೇರೆ ತಗೊಳ್ತೀನಿ" ಎಂದು ಕೊಟ್ಟುಹೋದ. ಎರಡನೆಯ ಸಲದ ಬೋರ್ಡೋ ಸಿಂಪಡಣೆಯ ಉಸ್ತುವಾರಿಗೆ ನಾಲ್ಕೈದು ದಿನ ಅದನ್ನು ಹಾಕಿಕೊಂಡು ಓಡಾಡಿದೆ. ಬರೀ ನೀರೇಕೆಂದು ನಮ್ಮ ಮನೆಯವಳಿಗೆ ಹೇಳಿ ನಿಂಬೆಹಣ್ಣು ಬೆಲ್ಲದ ಪಾನಕ ಮಾಡಿಸಿ ತುಂಬಿಸಿದ್ದೂ ಉಂಟು. ಸಿಂಪಡಣೆ ಮುಗಿಯಿತು. ಒಂದು ಸಲ ನೀರು ಹಾಕಿ ಕುಲುಕಿ ಚೆಲ್ಲಿ, ಮುಚ್ಚಳ ಭದ್ರವಾಗಿ ತಿರುಗಿಸಿ, ಅಟ್ಟದ ಮೊಳೆಗೆ ಸಿಕ್ಕಿಸಿದೆ. ಮುಚ್ಚಳ ಭದ್ರಮಾಡಿದ್ದು ಧೂಳು ಹೋಗದಿರಲೆಂಬ ಜಾಣತನ.

ನವೆಂಬರಿನಲ್ಲಿ ಕೊಯ್ಲು ಶುರುವಾಯಿತು. ನಮ್ಮ ಕೊನೆಗಾರ ಒಮ್ಮೆ ಮರ ಹತ್ತಿದನೆಂದರೆ ಮರದಿಂದ ಮರಕ್ಕೆ ಬಾಗಿಸಿಕೊಂಡು ದಾಟುತ್ತ ಹತ್ತಾರು ಮರ ಮುಗಿಸಿಯೇ ಇಳಿಯುವವನು. ಬಾಯಾರಿದರೂ ಇಳಿಯುವುದಿಲ್ಲ. ಇಳಿದರೆ ಮತ್ತೆ ಹತ್ತುವ ಶ್ರಮ. ಮಧ್ಯಾಹ್ನ ಇಳಿದಾಗ ತಲೆ ಸುತ್ತುತ್ತದೆಂದು ಕುಳಿತುಬಿಡುವುದನ್ನು ಕಂಡಿದ್ದೆ. ಈ ಸಲ ಚೀಲದ ನೆನಪಾಗಿ ಅಟ್ಟದಿಂದ ಇಳಿಸಿ, ಒಂದು ಲೀಟರು ಕಾಯಿಸಿ ಆರಿಸಿದ ನೀರು ತುಂಬಿ, ಹೀರುವುದು ಹೇಗೆಂದು ತೋರಿಸಿಕೊಟ್ಟೆ. ಅವನಿಗೆ ಖುಷಿಯೋ ಖುಷಿ. ಆ ದಿನ ತಲೆ ಸುತ್ತಲಿಲ್ಲ. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಅವನು ಬರಲಿಲ್ಲ. ವಾಂತಿ, ಭೇದಿ. ಮೂರು ದಿನ ಏಳಲಿಲ್ಲ.

ನೋಡಲು ಹೋದಾಗ ಮಾತಿಗೆ ಮಾತು ಬಂದು ಅವನೆಂದ: "ನೀರಿಗೆ ಸ್ವಲ್ಪ ಮಣ್ಣು ವಾಸನೆ ಇತ್ತು ಅಯ್ಯಾ. ಪ್ಯಾಟೆ ಚೀಲ ಅಲ್ವ, ಹಂಗೇ ಇರ್ತದೆ ಅಂದ್ಕೊಂಡೆ. ನೀವು ಪ್ರೀತಿಯಿಂದ ಕೊಟ್ಟಿದ್ದು, ಹೇಳದು ಹ್ಯಾಗೆ?"

ಮನೆಗೆ ಬಂದು ನಳಿಕೆಯನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಒಳಗೋಡೆಯುದ್ದಕ್ಕೂ ಕರಿಯ ಚುಕ್ಕೆ. ಕಚ್ಚುವ ಮೂತಿಯನ್ನು ಕಿತ್ತು ನೋಡಿದರೆ ಅದರ ಸೀಳಿನೊಳಗೆ ಕಪ್ಪು ಲೋಳೆ. ಚೀಲದ ಬುಡದ ಮೂಲೆಯಲ್ಲಿ, ಬೆಲ್ಲದ ಪಾನಕ ನಿಂತಲ್ಲಿ, ಬೂದುಬಣ್ಣದ ಬೂಷ್ಟಿನ ಒಂದು ತೇಪೆ. ಕಾಯಿಸಿ ಆರಿಸಿದ ನೀರನ್ನು ನಾನು ತುಂಬಿದ್ದು ಇದರೊಳಕ್ಕೆ. ಕಾಯಿಲೆ ಚೀಲದಿಂದಲೇ ಬಂತೋ ಬೇರೆ ಯಾವುದರಿಂದಲೋ ಹೇಳಲಾಗದೆಂದು ಡಾಕ್ಟರು ಹೇಳಿದರು. ಅದು ಅವರ ಪ್ರಾಮಾಣಿಕತೆ. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಅವನ ಮೂರು ದಿನದ ಕೂಲಿ ಕೊಟ್ಟೆ, ಔಷಧಿಯ ಖರ್ಚನ್ನೂ ಕೊಟ್ಟೆ. ಕೊಯ್ಲು ತಡವಾಗಿ ನಾಲ್ಕಾರು ಕೊನೆ ಹಣ್ಣಾಗಿ ಗೋಟಿಗೆ ಹೋದದ್ದು ದೊಡ್ಡ ಮಾತಲ್ಲ. ಮಣ್ಣು ವಾಸನೆಯ ನೀರನ್ನು ನನ್ನ ದಾಕ್ಷಿಣ್ಯಕ್ಕೆ ಒಬ್ಬ ಎರಡು ದಿನ ಕುಡಿದನಲ್ಲ, ಅದು ಇಂದಿಗೂ ಚುಚ್ಚುತ್ತದೆ.

ಆಮೇಲೆ ಈ ವಿಷಯದಲ್ಲಿ ಓದಿ, ಕೇಳಿ, ಕೈಯಾರೆ ಮಾಡಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ದಿನವೂ ಬಳಸಿ, ದಿನವೂ ತೊಳೆದು ಹೊಸ ನೀರು ತುಂಬುವ ಚೀಲಕ್ಕೆ ಬೂಷ್ಟು ಬರುವುದು ಅಪರೂಪ. ಬರುವುದು ಎತ್ತಿಟ್ಟ ಚೀಲಕ್ಕೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಅವುಗಳನ್ನು ತಡೆಯುವುದು ನಮ್ಮಿಂದಾಗದು. ಅವು ಬೆಳೆಯಲು ತೇವ ಬೇಕು, ತಿನ್ನಲು ಏನಾದರೂ ಬೇಕು. ಚಮಚೆಯಷ್ಟು ನೀರು ಒಳಗುಳಿದು ಮುಚ್ಚಳ ಬಿಗಿದರೆ ಆ ತೇವಕ್ಕೆ ಹೋಗಲು ದಾರಿಯಿಲ್ಲ. ಇದು ಕಾಫಿ ಬೆಳೆಗಾರನಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಕಣದಲ್ಲಿ ಪಾರ್ಚ್‌ಮೆಂಟ್ ಪೂರ್ತಿ ಒಣಗುವ ಮೊದಲೇ ಗೋಣಿಗೆ ತುಂಬಿ ಬಾಯಿ ಹೊಲಿದರೆ ಏನಾಗುತ್ತದೆ? ತೇವಾಂಶ ಶೇಕಡಾ 10ರ ಆಸುಪಾಸಿಗೆ ಇಳಿಯುವ ತನಕ ಕಾಯುವ ನಾವೇ, ನೀರುಚೀಲವನ್ನು ಮಾತ್ರ ಹಸಿಯಾಗಿಯೇ ಬಾಯಿ ಕಟ್ಟಿ ಅಟ್ಟಕ್ಕೆ ಹಾಕುತ್ತೇವೆ.

ತಿನ್ನಲು ಕೊಡುವವರೂ ನಾವೇ. ಪಾನಕ, ಶರಬತ್ತು, ಗ್ಲೂಕೋಸು, ಮಜ್ಜಿಗೆ ಇವು ಯಾವುದನ್ನೂ ಈ ಚೀಲಕ್ಕೆ ಹಾಕಬಾರದು. ಸಕ್ಕರೆ, ಬೆಲ್ಲದ ಅಂಶ ನಳಿಕೆಯ ಒಳಗೋಡೆಗೆ ಅಂಟಿ ಉಳಿಯುತ್ತದೆ, ಒಂದು ಸಲ ಕುಲುಕಿ ಚೆಲ್ಲಿದರೆ ಹೋಗದು. ಮಜ್ಜಿಗೆಯ ಜಿಡ್ಡಂತೂ ಕೇಳುವುದೇ ಬೇಡ. ಬಾಯಾರಿಕೆಗೆ ಬೆಲ್ಲ ನೀರು ನಮ್ಮ ಕಡೆಯ ಪದ್ಧತಿ. ಅದನ್ನು ಬಿಡಬೇಕೆಂದಲ್ಲ. ಬೆಲ್ಲದ ತುಂಡು ಜೇಬಿನಲ್ಲಿರಲಿ, ಚೀಲದಲ್ಲಿ ಬರೀ ನೀರಿರಲಿ. ಇನ್ನು ಕಚ್ಚುವ ಮೂತಿಗೆ ನಮ್ಮ ಜೊಲ್ಲೇ ಸಾಕು. ಎತ್ತಿ ಕುಡಿಯುವ ಚೊಂಬಿಗೆ ಇಲ್ಲದ ತೊಂದರೆ ಇದಕ್ಕಿದೆ.

ಒಳಗೆ ಕಾಣುವುದೆಲ್ಲ ಬೂಷ್ಟಲ್ಲ ಎಂಬುದನ್ನೂ ತಿಳಿದಿರಬೇಕು. ಕರಿ, ಬೂದು ಅಥವಾ ಹಸಿರು ಚುಕ್ಕೆ ಬೂಷ್ಟು. ಗುಲಾಬಿ ಬಣ್ಣದ ಲೋಳೆ ಬ್ಯಾಕ್ಟೀರಿಯದ್ದು. ಅದು ಬೂಷ್ಟಿಗಿಂತ ಒಳ್ಳೆಯದೇನಲ್ಲ, ತೊಳೆಯುವ ಕ್ರಮವೂ ಒಂದೇ. ಆದರೆ ಕೆಲವರ ಮನೆಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದು, ಚೀಲದ ತಳದಲ್ಲಿ ತುಕ್ಕಿನ ಬಣ್ಣದ ಪೊರೆ ಕಟ್ಟುತ್ತದೆ. ನಿಂಬೆರಸ ಬೆರೆಸಿದ ನೀರಿಗೆ ಅದು ಬಿಡುತ್ತದೆ. ಅದನ್ನು ಕಂಡು ಹೆದರಿ ಚೀಲ ಎಸೆಯಬೇಕಾಗಿಲ್ಲ.

ತೊಳೆಯುವ ಕ್ರಮ ಹೀಗೆ. ಮೊದಲು ಎಲ್ಲವನ್ನೂ ಬಿಡಿಸಬೇಕು. ನಳಿಕೆಯನ್ನು ಚೀಲದಿಂದ, ಮೂತಿಯನ್ನು ನಳಿಕೆಯಿಂದ ಕಳಚಬೇಕು. ಮುಚ್ಚಳದ ಒಳಗಿನ ರಬ್ಬರ್ ಉಂಗುರ ಕಳಚುವಂತಿದ್ದರೆ ಅದನ್ನೂ. ಬಿಡಿಸದೆ ತೊಳೆದರೆ ತೊಳೆದಂತಲ್ಲ. ಪಾತ್ರೆ ತೊಳೆಯುವ ಸೋಪಿನ ಬೆಚ್ಚನೆಯ ನೀರಿನಲ್ಲಿ ಚೀಲದ ಒಳಮೂಲೆಗಳನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ಕೈ ತಾಳುವಷ್ಟು ಬಿಸಿ ಸಾಕು. ಕುದಿಯುವ ನೀರು ಹೊಯ್ದರೆ ಕೆಲವು ಚೀಲಗಳ ಬೆಸುಗೆ ಬಿಟ್ಟುಹೋಗುತ್ತದೆ. ತೆಂಗಿನ ನಾರು, ಕಬ್ಬಿಣದ ನಾರು ಬೇಡ. ಗೀರು ಬಿದ್ದಲ್ಲಿ ಮುಂದಿನ ಬೂಷ್ಟು ಮೊದಲು ಕೂರುತ್ತದೆ.

ಕಷ್ಟವೆಲ್ಲ ನಳಿಕೆಯದು. ಮೀಟರಿನಷ್ಟು ಉದ್ದ, ಒಳಗೆ ಕಿರುಬೆರಳೂ ಹೋಗದ ಅಗಲ. ಇದಕ್ಕೆಂದೇ ಉದ್ದ ತಂತಿಯ ಬ್ರಷ್ಷು ಸಿಗುತ್ತದೆ. ಸಿಗದಿದ್ದರೆ ಕೋವಿಯಿರುವ ನಮ್ಮ ಸದಸ್ಯರಿಗೆ ನಳಿಕೆ ಒರೆಸುವ ವಿದ್ಯೆ ಗೊತ್ತೇ ಇದೆ, ಅದನ್ನೇ ಇಲ್ಲಿ ಮಾಡಬೇಕು. ಮೀನು ಹಿಡಿಯುವ ದಪ್ಪ ಗಾಳದ ದಾರವನ್ನು ಒಂದು ತುದಿಯಿಂದ ತೂರಿಸಿದರೆ ಬಾಗದೆ ಇನ್ನೊಂದು ತುದಿಗೆ ಬರುತ್ತದೆ. ಅದಕ್ಕೆ ಹಳೆಯ ಪಂಚೆಯ ಸಣ್ಣ ಚೂರನ್ನು ಕಟ್ಟಿ, ಸೋಪುನೀರಿನಲ್ಲಿ ನೆನೆಸಿ, ಎಳೆಯಬೇಕು. ಮೊದಲ ಚೂರು ಕಪ್ಪಾಗಿ ಬರುತ್ತದೆ. ಬೆಳ್ಳಗೆ ಬರುವ ತನಕ ಚೂರು ಬದಲಿಸುತ್ತ ಎಳೆಯಬೇಕು. ನನ್ನದಕ್ಕೆ ಏಳು ಚೂರು ಬೇಕಾಯಿತು. ಚೂರು ಬಿಗಿಯಾಗಿ ಕಟ್ಟಿರಲಿ. ನಡುವೆ ಕಳಚಿಕೊಂಡರೆ ತೆಗೆಯುವುದು ದೊಡ್ಡ ಕಷ್ಟ.

ಇಷ್ಟಾದ ಮೇಲೆ ಬೂಷ್ಟು ಕೊಲ್ಲುವ ಕೆಲಸ. ವಾಸನೆ ಮಾತ್ರ ಇದ್ದರೆ ಅಡಿಗೆ ಸೋಡ ಸಾಕು. ಲೀಟರು ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚೆ ಸೋಡ ಕರಗಿಸಿ, ಎಲ್ಲವನ್ನೂ ಮತ್ತೆ ಜೋಡಿಸಿ, ಚೀಲವನ್ನು ತಲೆಗಿಂತ ಎತ್ತರ ಹಿಡಿದು, ಮೂತಿಯನ್ನು ಬೆರಳಿನಲ್ಲಿ ಹಿಸುಕಿದರೆ ದ್ರಾವಣ ನಳಿಕೆಯುದ್ದಕ್ಕೂ ಇಳಿಯುತ್ತದೆ. ಅರ್ಧ ಗಂಟೆ ಹಾಗೇ ಬಿಟ್ಟು ತೊಳೆಯಬೇಕು. ಕಣ್ಣಿಗೆ ಕಾಣುವ ಬೂಷ್ಟಿದ್ದರೆ ಸೋಡದಿಂದಾಗದು. ಅಂಗಡಿಯಲ್ಲಿ ಸಿಗುವ, ಬಣ್ಣವಿಲ್ಲದ, ಪರಿಮಳ ಬೆರೆಸದ ಬಟ್ಟೆ ಬಿಳುಪಿನ ಬ್ಲೀಚ್ ದ್ರಾವಣವನ್ನು ಲೀಟರು ನೀರಿಗೆ ಒಂದು ಸಣ್ಣ ಚಮಚೆ, ಅಂದರೆ 5 ಮಿಲಿಲೀಟರು, ಬೆರೆಸಿ ಅದೇ ರೀತಿ ನಳಿಕೆಯ ಮೂಲಕ ಹರಿಸಿ ಅರ್ಧ ಗಂಟೆ ಬಿಡಬೇಕು. ಆಮೇಲೆ ವಾಸನೆ ಪೂರ್ತಿ ಹೋಗುವ ತನಕ ಒಳ್ಳೆಯ ನೀರಿನಲ್ಲಿ ನಾಲ್ಕೈದು ಸಲ ತೊಳೆಯಬೇಕು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಮನೆಯಲ್ಲಿದೆಯೆಂದು ಅದನ್ನು ಸುರಿಯಬೇಡಿ. ಅದರ ಕರಗದ ಗಸಿ ಮೂತಿಯ ಸೀಳಿನಲ್ಲಿ ಕೂತುಬಿಡುತ್ತದೆ. ಒಂದು ಎಚ್ಚರಿಕೆ: ಬ್ಲೀಚ್ ಹಾಕಿದ ದಿನ ನಿಂಬೆರಸವನ್ನಾಗಲಿ ವಿನಿಗರನ್ನಾಗಲಿ ಅದರ ಜೊತೆ ಸೇರಿಸಲೇಬಾರದು. ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಅಪಾಯಕಾರಿ.

ಸದಸ್ಯರೊಬ್ಬರು ನನ್ನನ್ನು ಕೇಳಿದರು: ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತವೂ ಬೂಷ್ಟನ್ನು ಕೊಲ್ಲುತ್ತದಲ್ಲ, ಒಂದು ಚಿಟಿಕೆ ಹಾಕಿದರೆ? ಅವರು ತಮಾಷೆಗೆ ಕೇಳಿದರೋ ನಿಜವಾಗಿಯೋ ತಿಳಿಯಲಿಲ್ಲ. ಆದರೆ ಇಂಥದು ಒಬ್ಬರಿಗೆ ಹೊಳೆದರೆ ಇನ್ನೊಬ್ಬರಿಗೂ ಹೊಳೆದೀತು. ಮೈಲುತುತ್ತ ವಿಷ. ಕುಡಿಯುವ ನೀರಿನ ಪಾತ್ರೆಯ ಹತ್ತಿರಕ್ಕೂ ಅದು ಬರಕೂಡದು.

ಈಗ ಮುಖ್ಯ ವಿಷಯ, ಒಣಗಿಸುವುದು. ಬೇಸಗೆಯಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ. ಜೂನಿನಿಂದ ಸೆಪ್ಟೆಂಬರಿನ ತನಕ ನಮ್ಮಲ್ಲಿ ಒಗೆದ ಪಂಚೆಯೇ ನಾಲ್ಕು ದಿನಕ್ಕೆ ಒಣಗದು, ಎರಡು ಪದರ ಅಂಟಿಕೊಂಡಿರುವ ಪ್ಲಾಸ್ಟಿಕ್ ಚೀಲದ ಒಳಭಾಗ ಹೇಗೆ ಒಣಗೀತು? ನಾನು ಮೊದಲು ಮಾಡಿದ್ದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿದ್ದು. ಚೆನ್ನಾಗಿಯೇ ಒಣಗಿತು. ಆದರೆ ಹೊಗೆಯ ವಾಸನೆ ಹಿಡಿದು, ಅದರ ನೀರು ಕುಡಿದರೆ ಬೀಡಿ ಸೇದಿದಂತಾಗುತ್ತಿತ್ತು. ಆ ವಾಸನೆ ಹೋಗಲು ತಿಂಗಳು ಹಿಡಿಯಿತು. ಅಡಿಕೆಯ ಜೊತೆ ಅಂಗಳದ ಬಿಸಿಲಿಗೆ ದಿನಗಟ್ಟಲೆ ಹಾಕಿಡುವುದೂ ಸರಿಯಲ್ಲ. ಪ್ಲಾಸ್ಟಿಕ್ ಗಡಸಾಗಿ ಮಡಿಕೆಯಲ್ಲಿ ಸೀಳುತ್ತದೆ.

ಈಗ ಮಾಡುತ್ತಿರುವುದು ಹೀಗೆ. ನೀರನ್ನು ಚೆನ್ನಾಗಿ ಝಾಡಿಸಿ, ಕೈ ಹೋಗುವಷ್ಟು ಬಾಯಿಯಿದ್ದರೆ ಶುಭ್ರವಾದ ಒಣಬಟ್ಟೆಯಿಂದ ಒಳಗೆ ಒರೆಸುತ್ತೇನೆ. ಪದರಗಳು ಅಂಟದಂತೆ ಒಳಗೊಂದು ಹೊಸ ಕಡಗೋಲು ನಿಲ್ಲಿಸಿ, ಬಾಯಿ ಕೆಳಗೆ ಮಾಡಿ ತೂಗುಹಾಕುತ್ತೇನೆ. (ಮಜ್ಜಿಗೆ ಕಡೆಯುವ ಕಡಗೋಲನ್ನೇ ಒಯ್ದು ಮನೆಯವಳಿಂದ ಕೇಳಬಾರದ ಮಾತು ಕೇಳಿದ್ದಾಗಿದೆ. ಅದರ ಜಿಡ್ಡೂ ಚೀಲಕ್ಕೆ ಒಳ್ಳೆಯದಲ್ಲ.) ನಳಿಕೆಯ ಒಳಗೆ ಗಾಳದ ದಾರದಲ್ಲಿ ಒಣ ಚೂರನ್ನು ಎರಡು ಸಲ ಎಳೆದು, ಎರಡೂ ತುದಿ ತೆರೆದು, ನೇರವಾಗಿ ನೇತುಹಾಕುತ್ತೇನೆ. ಸುರುಳಿ ಸುತ್ತಿದರೆ ತಗ್ಗಿನಲ್ಲಿ ಹನಿ ನಿಲ್ಲುತ್ತದೆ. ಜಾಗ ಯಾವುದೆಂದರೆ ನಮ್ಮ ಹಳೆಯ ಫ್ರಿಜ್ಜಿನ ಹಿಂಬದಿ. ಅಲ್ಲಿ ಸದಾ ಸ್ವಲ್ಪ ಬೆಚ್ಚನೆಯ ಗಾಳಿಯಿರುತ್ತದೆ. ಮಳೆಗಾಲದಲ್ಲಿ ಮೂರು ದಿನವಾದರೂ ಬೇಕು. ಒಣಗಿತೋ ಇಲ್ಲವೋ ಎಂದು ತಿಳಿಯಲು ಅದರ ಬಾಯಿಯನ್ನು ಒಂದು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಬೆಳಕಿಗೆ ಹಿಡಿಯಬೇಕು. ಒಳಗೆ ಮಂಜು ಕಟ್ಟಿದ್ದರೆ ಇನ್ನೂ ತೇವವಿದೆ.

ಪೇಟೆಯವರು ಒಣಗಿಸುವ ಗೋಜಿಗೆ ಹೋಗದೆ ಚೀಲವನ್ನು ಫ್ರೀಜರಿನಲ್ಲಿಟ್ಟುಬಿಡುತ್ತಾರೆ. ಆ ಚಳಿಗೆ ಬೂಷ್ಟು ಬೆಳೆಯದು ಎಂಬುದು ನಿಜ. ಆದರೆ ಸಾಯುವುದೂ ಇಲ್ಲ, ಸುಮ್ಮನೆ ಕಾಯುತ್ತಿರುತ್ತದೆ. ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ನಮ್ಮ ಊರುಗಳಲ್ಲಿ ಈ ಉಪಾಯವನ್ನು ನಂಬುವಂತಿಲ್ಲ. ನವೆಂಬರಿನ ಮೇಲೆ, ಈ ವಾರ ಇಟ್ಟು ಮುಂದಿನ ವಾರ ತೆಗೆಯುವುದಾದರೆ ಮಾಡಬಹುದು.

ಪೂರ್ತಿ ಒಣಗಿದ ಚೀಲವನ್ನು ಎಲ್ಲಿಡಬೇಕು? ಅಟ್ಟದಲ್ಲಂತೂ ಬೇಡ. ಅಡಿಕೆ, ಗೋಣಿ ಇರುವಲ್ಲಿ ಇಲಿ ಇದ್ದೇ ಇದೆ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆಂಬುದು ನಮ್ಮ ಕಡೆಯವರಿಗೆ ಹೊಸತಲ್ಲ. ಇಲಿ ಓಡಾಡಿದ ಮೂತಿಯನ್ನು ಬಾಯಿಗಿಡುವುದನ್ನು ಯೋಚಿಸಿ ನೋಡಿ. ಔಷಧಿ, ಗೊಬ್ಬರ, ಸ್ಪ್ರೇಯರು ಇಡುವ ಕೋಣೆಯೂ ಬೇಡ. ಅಡಿಗೆಮನೆಯ ಕಪಾಟಿನಲ್ಲಿ, ಮುಚ್ಚಳ ತೆಗೆದು, ತೆಳುವಾದ ಬಟ್ಟೆಯಲ್ಲಿ ಸುತ್ತಿ ಇಡುವುದು ಉತ್ತಮ. ಹೊರಗಿನ ಬಟ್ಟೆಯ ಚೀಲವನ್ನು ಬೇರೆಯಾಗಿ ಒಗೆದು ಒಣಗಿಸಬೇಕು. ಬೆವರು, ಅಡಿಕೆಯ ಚೊಗರು ಹಿಡಿದ ಪಟ್ಟಿಗಳಿಗೂ ಬೂಷ್ಟು ಬರುತ್ತದೆ.

ಎಷ್ಟು ಮಾಡಿದರೂ ಹೋಗದ ಬೂಷ್ಟಿನ ಮಾತು. ಬ್ಲೀಚ್ ಮಾಡಿದ ಮೇಲೂ ತಿಳಿಗಪ್ಪು ಕಲೆ ಉಳಿಯಬಹುದು. ಕೈಗೆ ಲೋಳೆ ಹತ್ತದೆ, ವಾಸನೆಯೂ ಇಲ್ಲದಿದ್ದರೆ ಅದು ಬರೀ ಕಲೆ. ಆದರೆ ತೊಳೆದು, ನೀರು ತುಂಬಿ ಒಂದು ರಾತ್ರಿ ಇಟ್ಟಾಗ ಮಣ್ಣು ವಾಸನೆ ಬಂದರೆ ಆಸೆ ಬಿಡಬೇಕು. ನಳಿಕೆಯೂ ಮೂತಿಯೂ ಬಿಡಿಯಾಗಿ ಸಿಗುತ್ತವೆ, ಇಡೀ ಚೀಲ ಎಸೆಯಬೇಕೆಂದಿಲ್ಲ. ನಾನು ನಳಿಕೆ ಬದಲಿಸಿದೆ, ಚೀಲ ಉಳಿಯಿತು.

ಸಭೆಯಲ್ಲಿ ಬಂದ ಸಲಹೆಗೆ ಈಗ ನನ್ನ ಅಭಿಪ್ರಾಯ ಹೇಳಬಹುದು. ನೆಲದ ಮೇಲೆ ನಿಂತು ದೋಟಿಯಲ್ಲಿ ಕೊಯ್ಯುವವರಿಗೆ, ಕಾಫಿ ಕೊಯ್ಯುವ ಹೆಣ್ಣುಮಕ್ಕಳಿಗೆ ಅಗಲ ಬಾಯಿಯ ಸ್ಟೀಲ್ ಬಾಟಲಿಯೇ ಮೇಲು. ಕೈ ಹಾಕಿ ತಿಕ್ಕಬಹುದು, ಬೂದಿಯಲ್ಲಿ ಬೆಳಗಬಹುದು. ಈ ಚೀಲ ಬೇಕಾದ್ದು ಎರಡು ಕೈಯೂ ಮರದ ಮೇಲಿರುವ ಕೊನೆಗಾರನಿಗೆ ಮಾತ್ರ. ಔಷಧಿ ಹೊಡೆಯುವವರಿಗೆ ಖಂಡಿತ ಬೇಡ. ಹನಿ ಹಾರಿ ಬಂದು ಎದೆಯ ಮೇಲೆ ನೇತಾಡುವ ಮೂತಿಯ ಮೇಲೆ ಬಿದ್ದರೆ ಅದನ್ನೇ ಬಾಯಿಗಿಡಬೇಕಾಗುತ್ತದೆ. ಅವರು ಕೆಲಸ ನಿಲ್ಲಿಸಿ, ಕೈ ಮುಖ ತೊಳೆದು ಕುಡಿಯಬೇಕು, ನಾವು ಅಷ್ಟು ಹೊತ್ತು ಬಿಡಬೇಕು. ಮತ್ತೆ, ಒಬ್ಬರಿಗೆ ಒಂದೇ ಚೀಲ. ಒಬ್ಬರ ಮೂತಿ ಇನ್ನೊಬ್ಬರ ಬಾಯಿಗೆ ಹೋಗಬಾರದು.

ನಮ್ಮ ಕೊನೆಗಾರ ಈಗಲೂ ಅದೇ ಚೀಲ ಬಳಸುತ್ತಾನೆ. ಅವನ ಹೊಸ ಮೂತಿಗೆ ಕೆಂಪು ದಾರ ಕಟ್ಟಿದ್ದೇವೆ. ಕೊಯ್ಲಿನ ದಿನಗಳಲ್ಲಿ ಸಂಜೆ ಚೀಲ ನಮ್ಮ ಮನೆಯಲ್ಲೇ ಉಳಿಯುತ್ತದೆ. ತೊಳೆಯುವ ಕೆಲಸ ನನ್ನದು. ಬೆಳಿಗ್ಗೆ ನೀರು ತುಂಬಿ, ಮೂತಿ ಸಿಕ್ಕಿಸುವ ಮೊದಲು ನಳಿಕೆಯಿಂದ ಒಂದು ಲೋಟಕ್ಕೆ ಬಿಟ್ಟು ನಾನು ಕುಡಿದು ನೋಡುತ್ತೇನೆ. ಅವನು ನಿಂತು ನೋಡುತ್ತ ನಗುತ್ತಾನೆ. ಈಚೆಗೆ ಒಂದು ದಿನ ಅವನೇ, "ಅಯ್ಯಾ, ಇವತ್ತು ಸೋಡದ ರುಚಿ ಉಳಿದದೆ, ಇನ್ನೊಂದು ಸಲ ತೊಳೀರಿ" ಎಂದ. ತೊಳೆದುಕೊಟ್ಟೆ.

ಸಂಘದ ಕಚೇರಿಯಲ್ಲಿ ಗಾಳದ ದಾರದ ಒಂದು ಉರುಳೆಯನ್ನೂ ಉದ್ದ ತಂತಿಯ ಎರಡು ಬ್ರಷ್ಷುಗಳನ್ನೂ ತಂದಿಟ್ಟಿದ್ದೇನೆ. ಈಗಾಗಲೇ ಚೀಲ ಕೊಂಡಿರುವ ಸದಸ್ಯರು ಕಚೇರಿಯ ವೇಳೆಯಲ್ಲಿ ನಳಿಕೆಯನ್ನು ತಂದರೆ ಎಳೆದು ತೋರಿಸಿಕೊಡಲಾಗುವುದು. ಬರುವಾಗ ಹಳೆಯ ಪಂಚೆಯ ಚೂರು ತಾವೇ ತರತಕ್ಕದ್ದು.